ಭತ್ತಕ್ಕೆ ಎಲೆಗಳ ಮೂಲಕ ಪೋಷಕಾಂಶ: ಓದುಗರ ಪ್ರಶ್ನೆಗಳಿಗೆ ಉತ್ತರ

ಭತ್ತದ ಬೆಳೆಗೆ ಸಿಂಪರಣೆ ಮೂಲಕ ಗೊಬ್ಬರ ಕೊಡುವ ಕುರಿತು ತುಂಗಭದ್ರಾ, ಭದ್ರಾ ಮತ್ತು ಕಾವೇರಿ ಅಚ್ಚುಕಟ್ಟುಗಳಿಂದ ಹಾಗೂ ಕರಾವಳಿಯಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಒಂದೇ ವಿಷಯವನ್ನು ಕೇಳಿದ ಪತ್ರಗಳಿಗೆ ಒಂದೇ ಉತ್ತರ ನೀಡಲಾಗಿದೆ.

ಪ್ರಶ್ನೆ: ನಾಟಿ ಮಾಡಿ 25 ದಿನವಾಗಿದೆ. ಗದ್ದೆಯಲ್ಲಿ ಅಲ್ಲಲ್ಲಿ ಪೈರು ಗಿಡ್ಡವಾಗಿ, ಎಲೆಗಳು ತುಕ್ಕು ಹಿಡಿದಂತೆ ಕಾಣುತ್ತಿವೆ. ಅಂಗಡಿಯವರು ಹೇಳಿದಂತೆ 19:19:19 ಗೊಬ್ಬರವನ್ನು ಎರಡು ಸಲ ಸಿಂಪಡಿಸಿದರೂ ಹಸಿರು ಬರಲಿಲ್ಲ. ಮೂರನೆಯ ಸಲ ಹೊಡೆಯಬೇಕೇ? (ಕಾರಟಗಿ ತಾಲ್ಲೂಕಿನ ಓದುಗರು)

ಉತ್ತರ: ದಯವಿಟ್ಟು ಹೊಡೆಯಬೇಡಿ. ನೀವು ವಿವರಿಸಿರುವ ಲಕ್ಷಣ ಸತುವಿನ ಕೊರತೆಯನ್ನು ಹೋಲುತ್ತದೆ, ಮತ್ತು ನೀವು ಸಿಂಪಡಿಸಿದ ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಇವೆಯೇ ಹೊರತು ಸತು ಇಲ್ಲ. ಖಚಿತಪಡಿಸಿಕೊಳ್ಳಲು ಒಂದು ಬುಡವನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ಹೊಸ ಎಲೆಯ ನಡುನರವು ಬುಡದ ಕಡೆ ಬಿಳಿಚಿಕೊಂಡಿರುತ್ತದೆ. ಕೆಳಗಿನ ಎಲೆಗಳ ಮೇಲೆ, ಮುಖ್ಯವಾಗಿ ಮೇಲಿನಿಂದ ಮೂರನೆಯ ಮತ್ತು ನಾಲ್ಕನೆಯ ಎಲೆಯಲ್ಲಿ, ಸಣ್ಣ ಕಂದು ಚುಕ್ಕೆಗಳು ಮೂಡಿ ಒಂದಕ್ಕೊಂದು ಕೂಡಿಕೊಂಡು ಎಲೆಯೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ತೆಂಡೆ (ಬುಡದಿಂದ ಹೊರಡುವ ಪಕ್ಕದ ಕವಲು) ಒಡೆಯುವುದು ನಿಧಾನವಾಗುತ್ತದೆ. ಉತ್ತರ ಭಾರತದಲ್ಲಿ ಇದನ್ನು ಖೈರಾ ಎಂದು ಕರೆದು ಬಹಳ ಕಾಲ ರೋಗವೆಂದೇ ಭಾವಿಸಿದ್ದರು. 1966ರಲ್ಲಿ ಪಂತ್‌ನಗರದ ವಿಜ್ಞಾನಿ ವೈ.ಎಲ್. ನೆನೆ ಅವರು ಇದರ ಕಾರಣ ಸತುವಿನ ಕೊರತೆ ಎಂದು ವರದಿ ಮಾಡಿದರು.

ನಿಮ್ಮ ಭಾಗದ ಕಪ್ಪು ಮಣ್ಣಿನಲ್ಲಿ ಇದು ಹೆಚ್ಚಾಗಿ ಕಾಣುವುದಕ್ಕೆ ಕಾರಣಗಳಿವೆ. ರಸಸಾರ (ಪಿ.ಎಚ್.) 8ರ ಆಸುಪಾಸಿನಲ್ಲಿರುವ ಸುಣ್ಣಯುಕ್ತ ಮಣ್ಣಿನಲ್ಲಿ ಸತು ಕರಗಿದ ರೂಪದಲ್ಲಿ ಉಳಿಯುವುದು ಕಡಿಮೆ. ಅದರ ಮೇಲೆ ವಾರಗಟ್ಟಲೆ ನೀರು ನಿಂತರೆ ಇನ್ನೂ ಕಡಿಮೆಯಾಗುತ್ತದೆ, ಮತ್ತು ಪ್ರತಿ ಬೆಳೆಗೂ ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರವನ್ನು ಅಳತೆ ಮೀರಿ ಸುರಿದ ಗದ್ದೆಯಲ್ಲಿ ಹೆಚ್ಚಾದ ರಂಜಕವು ಬೆಳೆಗೆ ಸತು ದಕ್ಕದಂತೆ ಮಾಡುತ್ತದೆ. ಹೀಗಿರುವಾಗ ರಂಜಕವಿರುವ ಗೊಬ್ಬರವನ್ನೇ ಮತ್ತೆ ಎಲೆಯ ಮೇಲೆ ಹಾಕಿದರೆ ಪ್ರಯೋಜನವಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಒಂದು ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು 2.5 ಗ್ರಾಂ ಸುಣ್ಣದ ಲೆಕ್ಕದಲ್ಲಿ ದ್ರಾವಣ ತಯಾರಿಸಿ. ಎಕರೆಗೆ 200 ಲೀಟರ್ ಬೇಕಾಗುವುದರಿಂದ ಒಂದು ಕೆ.ಜಿ. ಸತುವಿನ ಸಲ್ಫೇಟ್ ಮತ್ತು ಅರ್ಧ ಕೆ.ಜಿ. ಸುಣ್ಣ ಸಾಕು. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಅರಳಿಸಿ ತಿಳಿಯನ್ನು ಮಾತ್ರ ಬಸಿದುಕೊಳ್ಳಬೇಕು, ಇಲ್ಲವಾದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಸತುವಿನ ಸಲ್ಫೇಟ್ ದ್ರಾವಣ ಆಮ್ಲೀಯವಾಗಿರುವುದರಿಂದ ಎಲೆ ಸುಡದಂತೆ ತಡೆಯುವುದಷ್ಟೇ ಸುಣ್ಣದ ಕೆಲಸ. ಪೈರು ತಿಳಿಹಸಿರಾಗಿದ್ದು ಸಾರಜನಕವೂ ಬೇಕೆನಿಸಿದರೆ ಸುಣ್ಣದ ಬದಲು ಲೀಟರಿಗೆ 20 ಗ್ರಾಂ ಯೂರಿಯಾ ಸೇರಿಸಬಹುದು. ಎಂಟು ಹತ್ತು ದಿನಗಳ ಅಂತರದಲ್ಲಿ ಎರಡು ಸಲ, ಕೊರತೆ ತೀವ್ರವಾಗಿದ್ದರೆ ಮೂರು ಸಲ ಸಿಂಪಡಿಸಿ. ನಡುವೆ ಮೂರು ನಾಲ್ಕು ದಿನ ಗದ್ದೆಯ ನೀರು ಬಸಿದು ಬೇರಿಗೆ ಗಾಳಿ ಆಡಲು ಬಿಟ್ಟರೆ ಚೇತರಿಕೆ ಬೇಗ. ತುಕ್ಕು ಹಿಡಿದ ಹಳೆಯ ಎಲೆ ಮತ್ತೆ ಹಸಿರಾಗುವುದಿಲ್ಲ, ಆದ್ದರಿಂದ ಅದನ್ನು ನೋಡಿ ನಿರಾಶರಾಗಬೇಡಿ. ಸುಳಿಯಿಂದ ಬರುವ ಹೊಸ ಎಲೆ ಚೊಕ್ಕಟವಾಗಿದ್ದರೆ ಸಿಂಪರಣೆ ಹಿಡಿದಿದೆ ಎಂದರ್ಥ.

ಮುಂದಿನ ಬೆಳೆಗೆ ಮಾತ್ರ ಮಣ್ಣಿಗೇ ಸತು ಕೊಡಿ. ಕೊನೆಯ ಕೆಸರು ಉಳುಮೆಯ ಹೊತ್ತಿಗೆ ಎಕರೆಗೆ 8 ರಿಂದ 10 ಕೆ.ಜಿ. ಸತುವಿನ ಸಲ್ಫೇಟನ್ನು ಕೊಟ್ಟಿಗೆ ಗೊಬ್ಬರ ಅಥವಾ ಮರಳಿನೊಂದಿಗೆ ಬೆರೆಸಿ, ಡಿಎಪಿಯ ಜೊತೆ ಸೇರಿಸದೆ, ಪ್ರತ್ಯೇಕವಾಗಿ ಎರಚಬೇಕು. ಅದರ ಪರಿಣಾಮ ಮುಂದಿನ ಬೆಳೆಗಳಿಗೂ ಉಳಿಯುತ್ತದೆ. ಮೂರು ಸಲ ಸಿಂಪಡಿಸುವ ಕೂಲಿಯನ್ನು ಲೆಕ್ಕ ಹಾಕಿದರೆ ಇದೇ ಅಗ್ಗ.

ಪ್ರಶ್ನೆ: ಕಾಲುವೆಯ ಕೊನೆಭಾಗದವರಾದ ನಮಗೆ ನೀರು ತಡವಾಗಿ ಬರುವುದರಿಂದ ಭತ್ತವನ್ನು ಕೂರಿಗೆಯಲ್ಲಿ ಬಿತ್ತಿದ್ದೇವೆ. ಒಂದು ತಿಂಗಳ ಪೈರಿನ ಸುಳಿ ಎಲೆಗಳು ಹಳದಿಯಾಗಿ, ಕೆಲವು ಬೆಳ್ಳಗೇ ಆಗಿವೆ. ಯೂರಿಯಾ ಹಾಕಿದರೂ ಬದಲಾಗಲಿಲ್ಲ. (ಸಿಂಧನೂರು)

ಉತ್ತರ: ಹಳದಿ ಬಣ್ಣ ಯಾವ ಎಲೆಯಿಂದ ಶುರುವಾಗಿದೆ ಎಂಬುದನ್ನು ನೀವು ಬರೆದಿರುವುದು ಬಹಳ ಉಪಕಾರವಾಯಿತು. ಸಾರಜನಕ ಸಾಲದಿದ್ದರೆ ಗಿಡವು ಹಳೆಯ ಎಲೆಯಿಂದ ಅದನ್ನು ಹಿಂತೆಗೆದು ಹೊಸ ಎಲೆಗೆ ಕಳುಹಿಸುತ್ತದೆ, ಹಾಗಾಗಿ ಬುಡದ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಹಾಗೆ ಒಂದು ಎಲೆಯಿಂದ ಇನ್ನೊಂದಕ್ಕೆ ಸಾಗುವುದಿಲ್ಲ, ಆದ್ದರಿಂದ ಅದರ ಕೊರತೆ ಸುಳಿಯಲ್ಲಿಯೇ ಕಾಣುತ್ತದೆ: ಮೊದಲು ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ, ಮುಂದುವರಿದರೆ ಇಡೀ ಎಲೆ ಬೆಳ್ಳಗಾಗುತ್ತದೆ. ಗಂಧಕದ ಕೊರತೆಯಲ್ಲೂ ಹೊಸ ಎಲೆ ಹಳದಿಯಾಗುತ್ತದಾದರೂ ನರವೂ ಸೇರಿ ಒಂದೇ ಸಮನಾಗಿ ಹಳದಿಯಾಗುತ್ತದೆ, ಬೆಳ್ಳಗಾಗುವುದಿಲ್ಲ.

ನೀರು ನಿಂತ ಗದ್ದೆಯಲ್ಲಿ ಗಾಳಿಯಿಲ್ಲದ ಕಾರಣ ಮಣ್ಣಿನ ಕಬ್ಬಿಣ ಬೇರಿಗೆ ದಕ್ಕುವ ರೂಪಕ್ಕೆ ಬರುತ್ತದೆ. ಕೂರಿಗೆ ಭತ್ತದಲ್ಲಿ ಮಣ್ಣು ಆರಿಕೊಂಡಿರುವುದರಿಂದ, ಅದರಲ್ಲೂ ಸುಣ್ಣದ ಅಂಶ ಹೆಚ್ಚಿರುವ ಎರೆಭೂಮಿಯಲ್ಲಿ, ಕಬ್ಬಿಣ ಇದ್ದೂ ಇಲ್ಲದಂತಾಗುತ್ತದೆ. ನೀರು ಸಿಗುವಂತಿದ್ದರೆ ಕೆಲವು ದಿನ ಗದ್ದೆಯಲ್ಲಿ ತೆಳುವಾಗಿ ನೀರು ನಿಲ್ಲಿಸುವುದೇ ಅತ್ಯುತ್ತಮ ಚಿಕಿತ್ಸೆ. ಕೊನೆಭಾಗದ ರೈತರಿಗೆ ಈ ಮಾತು ಹೇಳುವುದು ಸುಲಭ, ನಡೆಸುವುದು ಕಷ್ಟ ಎಂಬುದು ನಮಗೆ ಗೊತ್ತಿದೆ. ಅಂಥಲ್ಲಿ ಸಿಂಪರಣೆಯೇ ದಾರಿ.

ಲೀಟರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಜೊತೆಗೆ ಒಂದು ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ವಾರಕ್ಕೊಮ್ಮೆ ಎರಡು ಮೂರು ಸಲ ಸಿಂಪಡಿಸಿ. ಕೊಳ್ಳುವಾಗ ಚೀಲ ಬಿಚ್ಚಿಸಿ ನೋಡುವುದು ಒಳ್ಳೆಯದು. ಒಳ್ಳೆಯ ಅನ್ನಭೇದಿಯ ಹರಳು ತಿಳಿಹಸಿರು ಬಣ್ಣದ್ದಾಗಿರುತ್ತದೆ. ಗಾಳಿ ತಗುಲಿ ಹಳದಿ ಮಿಶ್ರಿತ ಕಂದು ಪುಡಿಯಾಗಿದ್ದರೆ ಎಲೆ ಅದನ್ನು ಬಳಸಿಕೊಳ್ಳುವುದು ತೀರಾ ಕಷ್ಟ. ಕರಗಿಸಿದ ನೀರೂ ಹಾಗೆಯೇ, ಹೊತ್ತು ಕಳೆದಂತೆ ಕಂದಾಗುತ್ತದೆ. ಅದಕ್ಕೇ ಸಿಟ್ರಿಕ್ ಆಮ್ಲ ಮೊದಲು, ಅನ್ನಭೇದಿ ಆಮೇಲೆ, ಕರಗಿಸಿದ ಕೂಡಲೇ ಸಿಂಪರಣೆ. ಒಂದೇ ಸಲಕ್ಕೆ ಮುಗಿಸಬಾರದೇಕೆಂದರೆ, ಇಂದು ಸಿಂಪಡಿಸಿದ ಕಬ್ಬಿಣವು ಮುಂದಿನ ವಾರ ಹುಟ್ಟುವ ಎಲೆಗೆ ಹೋಗುವುದಿಲ್ಲ. ಸಸಿಮಡಿಯಲ್ಲಿ ಸಸಿಗಳು ಬಿಳಿಚಿಕೊಂಡಾಗಲೂ ಇದೇ ಕ್ರಮ ಅನ್ವಯಿಸುತ್ತದೆ.

ಪ್ರಶ್ನೆ: ಅರ್ಧ ಲೀಟರ್ ನ್ಯಾನೋ ಯೂರಿಯಾ ಒಂದು ಚೀಲ ಯೂರಿಯಾಕ್ಕೆ ಸಮ ಎನ್ನುತ್ತಾರೆ. ಬೆಳೆ ನಿಂತಿರುವಾಗ ನೆಲಕ್ಕೆ ಹಾಕುವ ಮೇಲುಗೊಬ್ಬರವನ್ನು ಪೂರ್ತಿ ಬಿಟ್ಟು ಇದನ್ನೇ ಸಿಂಪಡಿಸಬಹುದೇ? ಮಾಮೂಲಿ ಯೂರಿಯಾವನ್ನೇ ನೀರಿನಲ್ಲಿ ಕರಗಿಸಿ ಹೊಡೆದರೆ ಸಾಲದೇ? (ಮಂಡ್ಯ, ಹರಿಹರ ಮತ್ತು ಗಂಗಾವತಿಯಿಂದ ಹಲವರು)

ಉತ್ತರ: ಈ ತಿಂಗಳು ಅತಿ ಹೆಚ್ಚು ಪತ್ರಗಳು ಬಂದದ್ದು ಈ ಪ್ರಶ್ನೆಗೆ. ಹಂಗಾಮಿನ ನಡುವೆ ಯೂರಿಯಾಕ್ಕಾಗಿ ಸರದಿಯಲ್ಲಿ ನಿಂತು ಬರಿಗೈಯಲ್ಲಿ ಮರಳಿದವರಿಗೆ ಇದು ಎಷ್ಟು ಮುಖ್ಯವೆಂದು ಅರ್ಥವಾಗುತ್ತದೆ, ಹಾಗಾಗಿ ಲೆಕ್ಕವನ್ನು ಪೂರ್ತಿಯಾಗಿಯೇ ಬರೆಯುತ್ತೇವೆ.

ಒಂದು ಟನ್ ಭತ್ತ ಬೆಳೆಯಲು ಬೆಳೆ ಸುಮಾರು 15 ರಿಂದ 20 ಕೆ.ಜಿ. ಸಾರಜನಕವನ್ನು ಹೀರುತ್ತದೆ. ಗಂಗಾವತಿ ಭಾಗದ ಲೆಕ್ಕದಲ್ಲಿ ಎಕರೆಗೆ 75 ಕೆ.ಜಿ.ಯ 40 ಚೀಲ ಬಂದರೆ ಅದು ಮೂರು ಟನ್. ಅಂದರೆ 45 ರಿಂದ 60 ಕೆ.ಜಿ. ಸಾರಜನಕ ಎಲ್ಲಿಂದಾದರೂ ಬರಲೇಬೇಕು: ಒಂದು ಭಾಗ ಮಣ್ಣಿನ ಸಾವಯವ ಅಂಶದಿಂದ, ಉಳಿದದ್ದು ನಾವು ಹಾಕುವ ಗೊಬ್ಬರದಿಂದ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಶೇಕಡಾ 46ರಂತೆ 20.7 ಕೆ.ಜಿ. ಸಾರಜನಕವಿದೆ. ರಸಗೊಬ್ಬರ ಸಹಕಾರಿ ಸಂಸ್ಥೆಯಾದ ಇಫ್ಕೋ 2021ರಲ್ಲಿ ಹೊರತಂದ ಮೊದಲ ನ್ಯಾನೋ ಯೂರಿಯಾದಲ್ಲಿ ಶೇಕಡಾ 4ರಷ್ಟು ಸಾರಜನಕವಿತ್ತು. ಅರ್ಧ ಲೀಟರ್ ಬಾಟಲಿಯಲ್ಲಿ ಅದು 20 ಗ್ರಾಂ. ಆಮೇಲೆ ಬಂದ ಶೇಕಡಾ 20ರ ಬಾಟಲಿಯಲ್ಲೂ ಅದು ನೂರು ಗ್ರಾಂ ಆಸುಪಾಸಿನಲ್ಲಿಯೇ ಇದೆ. ಕಣಗಳು ಅತಿ ಸೂಕ್ಷ್ಮವಾಗಿರುವುದರಿಂದ ಎಲೆಯೊಳಗೆ ಹೆಚ್ಚು ದಕ್ಷವಾಗಿ ಬಳಕೆಯಾಗುತ್ತವೆ ಎಂಬುದು ತಯಾರಕರ ವಾದ. ಆದರೆ ಒಂದು ಗ್ರಾಮೂ ಪೋಲಾಗದೆ ಎಲ್ಲವೂ ಕಾಳಿಗೇ ಹೋಯಿತು ಎಂದು ಒಪ್ಪಿಕೊಂಡರೂ 20 ಗ್ರಾಂ ಅಥವಾ 100 ಗ್ರಾಂ ಸಾರಜನಕವು 20 ಕೆ.ಜಿ. ಆಗುವುದಿಲ್ಲ. ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ನಡೆಸಿದ ಪ್ರಯೋಗದಲ್ಲಿ, ಶಿಫಾರಸಿನ ಯೂರಿಯಾದ ಒಂದು ಭಾಗವನ್ನು ಕಡಿತ ಮಾಡಿ ನ್ಯಾನೋ ಯೂರಿಯಾ ಸಿಂಪಡಿಸಿದಾಗ ಭತ್ತದ ಇಳುವರಿ ಸುಮಾರು ಶೇಕಡಾ 13ರಷ್ಟು ಕಡಿಮೆಯಾಯಿತು, ಕಾಳಿನಲ್ಲಿನ ಸಾರಜನಕವೂ ಇಳಿಯಿತು. ಆದ್ದರಿಂದ ಮೇಲುಗೊಬ್ಬರವನ್ನು ಬಿಡಬೇಡಿ ಎಂಬುದೇ ನಮ್ಮ ಸ್ಪಷ್ಟ ಸಲಹೆ.

ಇದೇ ಲೆಕ್ಕ ಮಾಮೂಲಿ ಯೂರಿಯಾದ ಸಿಂಪರಣೆಗೂ ಅನ್ವಯಿಸುತ್ತದೆ. ಶೇಕಡಾ 2ರ ದ್ರಾವಣವನ್ನು ಎಕರೆಗೆ 200 ಲೀಟರ್ ಸಿಂಪಡಿಸಿದರೆ ಖರ್ಚಾಗುವುದು 4 ಕೆ.ಜಿ. ಯೂರಿಯಾ, ಸಿಗುವುದು 1.8 ಕೆ.ಜಿ. ಸಾರಜನಕ. ಇದರಿಂದ ಬೆಳೆ ತುಂಬುವುದಿಲ್ಲವಾದರೂ ಸಂಕಟದ ಹೊತ್ತಿನಲ್ಲಿ ಇದು ನಿಜವಾದ ಆಸರೆ. ಯೂರಿಯಾ ವಿದ್ಯುದಾವೇಶವಿಲ್ಲದ ಸಣ್ಣ ಅಣುವಾದ್ದರಿಂದ ಎಲೆಯ ಮೇಣದ ಪದರವನ್ನು ಸುಲಭವಾಗಿ ದಾಟುತ್ತದೆ, ಕೆಲವೇ ಗಂಟೆಗಳಲ್ಲಿ ಬಹುಪಾಲು ಒಳಸೇರುತ್ತದೆ. ನೆರೆ ನೀರಿನಲ್ಲಿ ಮುಳುಗಿ ಬೇರು ಸೊರಗಿದಾಗ, ಕಾಲುವೆ ನೀರು ನಿಂತು ಮಣ್ಣು ಒಣಗಿ ಮೇಲುಗೊಬ್ಬರ ಹಾಕಲಾಗದಿದ್ದಾಗ, ಚೌಳು ಗದ್ದೆಯಲ್ಲಿ ಬೇರು ಸರಿಯಾಗಿ ಉಣ್ಣದಿದ್ದಾಗ ಇದನ್ನು ಧಾರಾಳವಾಗಿ ಬಳಸಿ. 45 ಕೆ.ಜಿ. ಚೀಲದ ಬೆಲೆ 266 ರೂಪಾಯಿ 50 ಪೈಸೆಯಾದರೆ 4 ಕೆ.ಜಿ.ಗೆ 24 ರೂಪಾಯಿಯೂ ಆಗುವುದಿಲ್ಲ.

ತಯಾರಿಸುವ ಬಗೆಯನ್ನೂ ಕೇಳಿದ್ದೀರಿ. 16 ಲೀಟರಿನ ಟ್ಯಾಂಕಿಗೆ 320 ಗ್ರಾಂ ಯೂರಿಯಾ ಬೇಕು. ಬಕೆಟ್ಟಿನಲ್ಲಿ ಮೊದಲೇ ಕರಗಿಸಿಕೊಳ್ಳಿ. ಯೂರಿಯಾ ಕರಗುವಾಗ ನೀರು ಕೈಗೆ ತಣ್ಣಗೆ ಹತ್ತುವಷ್ಟು ತಂಪಾಗುತ್ತದೆ, ಕರಗುವ ವೇಗವೂ ತಗ್ಗುತ್ತದೆ, ಹಾಗಾಗಿ ಚೆನ್ನಾಗಿ ಕಲಕಿ ಸ್ವಲ್ಪ ಹೊತ್ತು ಬಿಡಬೇಕು. ಈಗ ಸಿಗುವ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿರುವುದರಿಂದ ಮೇಲೆ ತೆಳುವಾದ ಕೆನೆ ತೇಲುತ್ತದೆ, ಬಟ್ಟೆಯಲ್ಲಿ ಸೋಸಿಯೇ ಟ್ಯಾಂಕಿಗೆ ಹಾಕಿ. ಭತ್ತದ ಎಲೆಯ ಮೇಲೆ ನೀರಿನ ಹನಿ ನಿಲ್ಲದೆ ಮುತ್ತಿನಂತೆ ಉರುಳಿ ಬೀಳುವುದನ್ನು ನೀವೆಲ್ಲ ನೋಡಿದ್ದೀರಿ. ಲೀಟರಿಗೆ ಅರ್ಧ ಮಿ.ಲೀ. ಅಂಟು ದ್ರಾವಣ ಬೆರೆಸದಿದ್ದರೆ ನೀವು ಹೊಡೆದ ಗೊಬ್ಬರದ ಬಹುಪಾಲು ಹಾಗೆಯೇ ಉರುಳಿ ಗದ್ದೆಯ ನೀರಿಗೆ ಸೇರುತ್ತದೆ. ಇಬ್ಬನಿ ಆರಿದ ಮೇಲೆ ಬಿಸಿಲೇರುವ ಮುನ್ನ, ಅಥವಾ ಸಂಜೆ ನಾಲ್ಕರ ನಂತರ ಸಿಂಪಡಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ಹನಿ ಬೇಗ ಒಣಗಿ ಲವಣ ಎಲೆಯ ಮೇಲೆಯೇ ಉಳಿದು ತುದಿ ಸುಡುತ್ತದೆ.

ಒಂದು ಎಚ್ಚರಿಕೆ. ಬೆಂಕಿ ರೋಗ ಅಥವಾ ದುಂಡಾಣು ಅಂಗಮಾರಿ ಕಾಣಿಸಿಕೊಂಡ ಗದ್ದೆಗೆ ಯೂರಿಯಾ ಸಿಂಪಡಿಸಲೇಬೇಡಿ. ಬೆಂಕಿ ರೋಗಕ್ಕೆ ಸುಲಭವಾಗಿ ತುತ್ತಾಗುವ ಸೋನಾ ಮಸೂರಿ, ಅಂದರೆ ಬಿಪಿಟಿ 5204 ತಳಿ ಬೆಳೆದವರು ಈ ವಿಷಯದಲ್ಲಿ ಇನ್ನೂ ಜಾಗರೂಕರಾಗಿರಬೇಕು. ಎಲೆ ಕಡುಹಸಿರಾಗಿದ್ದಷ್ಟೂ ಕಂದು ಜಿಗಿಹುಳುವಿಗೂ ಅನುಕೂಲ. ಯೂರಿಯಾ ಬೇಕೋ ಬೇಡವೋ ಎಂದು ಊಹಿಸುವ ಬದಲು ಹಸಿರಿನ ಹಲವು ಛಾಯೆಗಳಿರುವ ಎಲೆ ಬಣ್ಣ ಪಟ್ಟಿ ಹಿಡಿದು, ನಿಮ್ಮ ನೆರಳಿನಲ್ಲೇ, ಹತ್ತು ಬುಡಗಳ ಪೂರ್ಣ ಬಿಚ್ಚಿದ ಮೇಲಿನ ಎಲೆಯನ್ನು ಹೋಲಿಸಿ ನೋಡುವ ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ಜೊಳ್ಳು ಕಡಿಮೆಯಾಗಿ ಕಾಳು ಗಟ್ಟಿಯಾಗಲು ಹೊಡೆ ಹಂತದಲ್ಲಿ (ತೆನೆ ಹೊರಬರುವ ಮುನ್ನ ಕಾಂಡ ಉಬ್ಬಿದಾಗ) 13:0:45, ಅಂದರೆ ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಿಸುವುದು ಎಷ್ಟು ಉಪಯುಕ್ತ? ಅಗ್ಗದ ಬದಲಿ ಇದೆಯೇ? (ದಾವಣಗೆರೆ ಜಿಲ್ಲೆ)

ಉತ್ತರ: ಕಾಳಿಗೆ ಬೇಕಾದ ಆಹಾರದ ದೊಡ್ಡ ಪಾಲನ್ನು ತಯಾರಿಸುವುದು ತೆನೆಗೆ ಹತ್ತಿರವಿರುವ ಮೇಲಿನ ಮೂರು ಎಲೆಗಳು. ಅವು ಬೇಗ ಹಣ್ಣಾಗದಂತೆ ಕಾಪಾಡಿದರೆ ಕಾಳು ತುಂಬಲು ನೆರವಾಗುತ್ತದೆ ಎಂಬುದೇ ಈ ಹಂತದ ಸಿಂಪರಣೆಯ ತರ್ಕ, ಮತ್ತು ಅದು ಸರಿಯಾದ ತರ್ಕ. ಲೀಟರಿಗೆ 10 ಗ್ರಾಂನಂತೆ ಎಕರೆಗೆ 2 ಕೆ.ಜಿ. 13:0:45 ಕೊಟ್ಟರೆ 900 ಗ್ರಾಂ ಪೊಟ್ಯಾಷ್ ಸಿಗುತ್ತದೆ. ನೆಲಕ್ಕೆ ಪೊಟ್ಯಾಷ್ ಹಾಕಿದ ಗದ್ದೆಯಲ್ಲಿ ಇದು ಕೊಸರು, ಏನೂ ಹಾಕದ ಗದ್ದೆಯಲ್ಲಿ ಇದು ಸಾಲದು. ಬೆಳೆ ಹೀರಿದ ಪೊಟ್ಯಾಷಿನ ಹೆಚ್ಚಿನ ಪಾಲು ಹುಲ್ಲಿನಲ್ಲಿಯೇ ಇರುವುದರಿಂದ, ಕಟಾವಿನ ನಂತರ ಹುಲ್ಲನ್ನು ಸುಡದೆ ಮಣ್ಣಿಗೆ ಸೇರಿಸುವವರಿಗೆ ಈ ಚಿಂತೆಯೇ ಕಡಿಮೆ.

ಅಗ್ಗದ ದಾರಿಯೆಂದರೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಹಳೆಯ ಶಿಫಾರಸು: ಶೇಕಡಾ 1 ಯೂರಿಯಾ, 2 ಡಿಎಪಿ ಮತ್ತು 1 ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬೆರೆಸಿದ ದ್ರಾವಣವನ್ನು ತೆನೆ ಮೂಡುವ ಹಂತದಲ್ಲಿ ಒಮ್ಮೆ, ಹತ್ತು ದಿನದ ನಂತರ ಇನ್ನೊಮ್ಮೆ ಸಿಂಪಡಿಸುವುದು. 200 ಲೀಟರಿಗೆ ಕ್ರಮವಾಗಿ 2, 4 ಮತ್ತು 2 ಕೆ.ಜಿ. ಬೇಕಾಗುತ್ತದೆ. ಡಿಎಪಿ ಪೂರ್ತಿ ಕರಗುವುದಿಲ್ಲವಾದ್ದರಿಂದ ಹಿಂದಿನ ಸಂಜೆಯೇ 20 ಲೀಟರ್ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಕಲಕದೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಿ. ತಳದ ಗಸಿಯನ್ನು ಗದ್ದೆಗೇ ಚೆಲ್ಲಬಹುದು. ಚೌಳು ಗದ್ದೆಯವರು ಮ್ಯೂರಿಯೇಟ್ ಬದಲು 0:0:50, ಅಂದರೆ ಪೊಟ್ಯಾಸಿಯಂ ಸಲ್ಫೇಟ್ ಬಳಸಿ, ಕ್ಲೋರೈಡ್ ಹೊರೆ ತಪ್ಪುತ್ತದೆ. ತೆನೆ ಮೂಡುವ ಹಂತವನ್ನು ದಿನ ಎಣಿಸಿ ಗುರುತಿಸುವುದಕ್ಕಿಂತ ಮುಖ್ಯ ತೆಂಡೆಯೊಂದನ್ನು ಬುಡದಿಂದ ಉದ್ದಕ್ಕೆ ಸೀಳಿ ನೋಡುವುದು ಮೇಲು. ಮೇಲಿನ ಗೆಣ್ಣಿನ ನೆತ್ತಿಯಲ್ಲಿ ಒಂದೆರಡು ಮಿಲಿಮೀಟರಿನ ಬಿಳಿ ಕುಚ್ಚು ಬರಿಗಣ್ಣಿಗೆ ಕಂಡರೆ ಅದೇ ಎಳೆಯ ತೆನೆ.

ಹೂವಾಡುವಾಗ ಮಾತ್ರ ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಯಾವುದನ್ನೂ ಸಿಂಪಡಿಸಬೇಡಿ. ಭತ್ತದ ಹೂ ಬಿರಿದು ಪರಾಗ ಉದುರುವುದು ಆ ಹೊತ್ತಿನಲ್ಲೇ. ಆಗ ನೀರು ಬಿದ್ದರೆ ಯಾವ ಜೊಳ್ಳನ್ನು ತಡೆಯಲು ಹೊರಟಿರೋ ಅದನ್ನೇ ಹೆಚ್ಚಿಸಿದಂತಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಡ್ರೋನ್ ಬಂದಿದೆ. ಯೂರಿಯಾ ಸಿಂಪರಣೆಯನ್ನೂ ಅದರಿಂದಲೇ ಮಾಡಿಸಬಹುದೇ? (ಸಿರುಗುಪ್ಪ)

ಉತ್ತರ: ಡ್ರೋನ್ ಎಕರೆಗೆ ಸುಮಾರು 10 ಲೀಟರ್ ದ್ರಾವಣವನ್ನಷ್ಟೇ ಸಿಂಪಡಿಸುತ್ತದೆ. ಅದರಲ್ಲಿ ಶೇಕಡಾ 2ರ ದ್ರಾವಣವೆಂದರೆ 200 ಗ್ರಾಂ ಯೂರಿಯಾ, ಅಂದರೆ 92 ಗ್ರಾಂ ಸಾರಜನಕ, ಇಡೀ ಎಕರೆಗೆ. 4 ಕೆ.ಜಿ.ಯನ್ನೇ ಆ ಹತ್ತು ಲೀಟರಿನಲ್ಲಿ ಕರಗಿಸಿದರೆ ಅದು ಶೇಕಡಾ 40ರ ದ್ರಾವಣವಾಗಿ ಎಲೆಯನ್ನು ಸುಡುತ್ತದೆ. ಕೀಟನಾಶಕ, ಶಿಲೀಂಧ್ರನಾಶಕಗಳಿಗೆ ಡ್ರೋನ್ ಅನುಕೂಲ. ಸಾರಜನಕ, ಪೊಟ್ಯಾಷ್‌ಗಳಂತಹ ಹೆಚ್ಚು ಪ್ರಮಾಣದ ಗೊಬ್ಬರಕ್ಕೆ ಬೆನ್ನಿನ ಪಂಪು ಅಥವಾ ಪವರ್ ಸ್ಪ್ರೇಯರೇ ಸರಿ.

ಪ್ರಶ್ನೆ: ತಗ್ಗಿನ ಬಯಲು ಗದ್ದೆಯಲ್ಲಿ ಎಲೆಗಳು ತುದಿಯಿಂದ ಕಂದು ಬಣ್ಣಕ್ಕೆ ತಿರುಗಿವೆ. ನೀರಿನ ಮೇಲೆ ಎಣ್ಣೆಯಂತಹ ಕೆಂಪು ಪೊರೆ ಇದೆ. ಲಘು ಪೋಷಕಾಂಶಗಳ ಮಿಶ್ರಣ ಸಿಂಪಡಿಸಲೇ? (ಕುಂದಾಪುರ)

ಉತ್ತರ: ಬೇಡ. ಇದು ಕಬ್ಬಿಣ ಹೆಚ್ಚಾದದ್ದರ ಲಕ್ಷಣ, ಮತ್ತು ಮಾರುಕಟ್ಟೆಯ ಬಹುತೇಕ ಲಘು ಪೋಷಕಾಂಶ ಮಿಶ್ರಣಗಳಲ್ಲಿ ಕಬ್ಬಿಣವೂ ಇರುತ್ತದೆ. ಕರಾವಳಿಯ ಹುಳಿ ಮಣ್ಣಿನಲ್ಲಿ ನೀರು ಬಸಿಯದೆ ನಿಂತಾಗ ಹೀಗಾಗುತ್ತದೆ. ಸಾಧ್ಯವಾದಾಗ ಹಳೆಯ ನೀರನ್ನು ಬಸಿದು ಹೊಸ ನೀರು ಹಾಯಿಸಿ, ಪೊಟ್ಯಾಷ್ ಪಾಲನ್ನು ತಪ್ಪಿಸದೆ ನೆಲಕ್ಕೆ ಕೊಡಿ, ಮುಂದಿನ ಹಂಗಾಮಿನ ಮೊದಲು ಮಣ್ಣು ಪರೀಕ್ಷೆಯ ಆಧಾರದ ಮೇಲೆ ಸುಣ್ಣ ಹಾಕಿ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ನಿಮಗೆ ಹತ್ತಿರ. ಬುಡಸಮೇತ ಕಿತ್ತ ಎರಡು ಗಿಡಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಒಯ್ದರೆ ಅವರು ನೋಡಿ ಹೇಳಬಲ್ಲರು.

ಪ್ರಶ್ನೆ: ಕೂಲಿ ಉಳಿಸಲು ಸತುವಿನ ಸಲ್ಫೇಟ್, ಡಿಎಪಿ ತಿಳಿ ಮತ್ತು ಕೀಟನಾಶಕವನ್ನು ಒಂದೇ ಟ್ಯಾಂಕಿನಲ್ಲಿ ಹಾಕಬಹುದೇ? (ಮಾನ್ವಿ)

ಉತ್ತರ: ಸತು ಮತ್ತು ರಂಜಕ ಒಂದೇ ನೀರಿನಲ್ಲಿ ಕೂಡಿದರೆ ಕರಗದ ಸತುವಿನ ಫಾಸ್ಫೇಟ್ ಆಗಿ ತಳ ಸೇರುತ್ತದೆ. ನಳಿಕೆ ಕಟ್ಟುವುದಲ್ಲದೆ ಎರಡೂ ಗೊಬ್ಬರ ವ್ಯರ್ಥವಾಗುತ್ತವೆ, ಆದ್ದರಿಂದ ಈ ಎರಡನ್ನು ಬೇರೆ ಬೇರೆ ದಿನಗಳಲ್ಲಿಯೇ ಸಿಂಪಡಿಸಬೇಕು. ಸುಣ್ಣದ ತಿಳಿ ಬೆರೆಸಿದ ಸತುವಿನ ದ್ರಾವಣಕ್ಕೆ ಕೀಟನಾಶಕ ಸೇರಿಸಬೇಡಿ, ಹಲವು ಕೀಟನಾಶಕಗಳು ಕ್ಷಾರೀಯ ನೀರಿನಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ. ಕಳೆನಾಶಕದೊಂದಿಗೆ ಯಾವ ಎಲೆಗೊಬ್ಬರವನ್ನೂ ಬೆರೆಸದಿರುವುದು ಕ್ಷೇಮ. ಯೂರಿಯಾದ ಜೊತೆ ಕೀಟನಾಶಕ ಬೆರೆಸುವುದಿದ್ದರೆ ಮೊದಲು ಅದರ ಡಬ್ಬಿಯ ಮೇಲಿನ ಸೂಚನೆ ಓದಿ, ಆಮೇಲೆ ಎರಡನ್ನೂ ಟ್ಯಾಂಕಿಗೆ ಹಾಕುವ ಪ್ರಮಾಣದಲ್ಲಿಯೇ ಒಂದು ಗಾಜಿನ ಬಾಟಲಿಯಲ್ಲಿ ಕಲಸಿ ಅರ್ಧ ಗಂಟೆ ಇಟ್ಟು ನೋಡಿ. ಮೊಸರಿನಂತೆ ಒಡೆದರೆ, ಪದರ ಬೇರ್ಪಟ್ಟರೆ ಅಥವಾ ಬಾಟಲಿ ಬಿಸಿಯಾದರೆ ಟ್ಯಾಂಕಿಗೆ ಹಾಕಬೇಡಿ. ತಿಳಿಯಾಗಿ ಉಳಿದರೂ ಗದ್ದೆಯ ಒಂದು ಮೂಲೆಗೆ ಮೊದಲು ಸಿಂಪಡಿಸಿ, ಎರಡು ದಿನ ಎಲೆ ಸುಡದಿದ್ದರೆ ಉಳಿದ ಗದ್ದೆಗೆ ಮುಂದುವರಿಯಿರಿ.